ಅಳತೆಗೂ ಒಂದು ಗಳಿಗೆ

ಎರಡು ರಾಶಿಗಳ ನಡುವಣ ಸಂಬಂಧವೇ ಅಳತೆಯ ವಿಷಯವಾದಾಗ ಆ ಎರಡನ್ನೂ ಒಂದೇ ಗಳಿಗೆಯಲ್ಲಿ ಅಳೆಯಬೇಕೆಂಬುದು ಹೇಳುವುದಕ್ಕೆ ಸರಳವಾದ, ಪಾಲಿಸುವುದಕ್ಕೆ ಕಷ್ಟವಾದ ನಿಯಮ. ವಿದ್ಯುತ್ ಬಳಕೆಯನ್ನು ಅಳೆಯುವವರು ವೋಲ್ಟೇಜನ್ನೂ ಪ್ರವಾಹವನ್ನೂ ಜೊತೆಯಲ್ಲಿ ನೋಡಬೇಕು. ಹೃದಯದ ಇಸಿಜಿ ತೆಗೆಯುವವರು ಮೈಮೇಲೆ ಅಂಟಿಸಿದ ಹಲವು ತಂತಿಗಳ ಸಂಕೇತಗಳನ್ನು ಜೊತೆಯಲ್ಲಿ ನೋಡಬೇಕು. ಶಬ್ದ ಯಾವ ದಿಕ್ಕಿನಿಂದ ಬಂತೆಂದು ಅರಿಯಬಯಸುವವರು ಎರಡು ಮೈಕ್ರೋಫೋನುಗಳಿಗೆ ಒಟ್ಟಿಗೆ ಕಿವಿಗೊಡಬೇಕು. ಇಂಥ ಕೆಲಸಗಳನ್ನೆಲ್ಲ ಇಂದು ಮೈಕ್ರೋಕಂಟ್ರೋಲರ್, ಅಂದರೆ ಪ್ರೊಸೆಸರ್, ಮೆಮೊರಿ ಮತ್ತು ಹೊರಜಗತ್ತಿನೊಡನೆ ವ್ಯವಹರಿಸುವ ದ್ವಾರಗಳನ್ನು ಒಂದೇ ಚಿಪ್‌ನಲ್ಲಿ ಅಡಕಗೊಳಿಸಿದ ಅಗ್ಗದ ಸಾಧನ, ನಿರ್ವಹಿಸುತ್ತಿದೆ. ಆದರೆ ಈ ಸಾಧನಗಳಲ್ಲಿ ಹಲವು ತಮಗೆ ಒಪ್ಪಿಸಿದ ಸಂಕೇತಗಳನ್ನು ಒಂದಾದ ಮೇಲೊಂದರಂತೆ ನೋಡುತ್ತವೆ, ಹಾಗೆ ದೊರೆತ ಅಂಕಿಗಳನ್ನು ಬಳಸುವವರು ಅವೆಲ್ಲ ಒಂದೇ ಗಳಿಗೆಗೆ ಸೇರಿದವೆಂದು ನಂಬಿ ಲೆಕ್ಕ ಹಾಕುತ್ತಾರೆ. ನಿಖರತೆಯ ಚರ್ಚೆಯಲ್ಲಿ ಎಷ್ಟು ಬಿಟ್ ಎಂಬ ಪ್ರಶ್ನೆಗೆ ಸಲ್ಲುವ ಗಮನ ಯಾವ ಗಳಿಗೆ ಎಂಬ ಪ್ರಶ್ನೆಗೆ ಸಲ್ಲುತ್ತಿಲ್ಲ. ಗಳಿಗೆಯನ್ನು ಗೊತ್ತುಮಾಡದ ಅಂಕಿ ಅರೆ ಅಳತೆ ಮಾತ್ರ ಎಂಬುದು ಈ ಲೇಖನದ ವಾದ. ತಿಳಿದ ವಿಳಂಬವನ್ನು ಲೆಕ್ಕದಿಂದ ತಿದ್ದಬಹುದು, ತಿಳಿಯದ ವಿಳಂಬವನ್ನು ಎಂಥ ದುಬಾರಿ ಚಿಪ್ಪೂ ತಿದ್ದಲಾರದು ಎಂಬುದು ಅದರ ತಿರುಳು.

ಮೊದಲು ಒಂದು ಅಂಕಿ ಹುಟ್ಟುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಅನಲಾಗ್ ಸಂಕೇತವೆಂದರೆ ನಡುವೆ ಕಡಿಯದೆ ಏರಿಳಿಯುತ್ತ ಸಾಗುವ ವೋಲ್ಟೇಜ್. ಅದನ್ನು ಅಂಕಿಯಾಗಿಸುವ ಘಟಕಕ್ಕೆ ಅನಲಾಗ್-ಡಿಜಿಟಲ್ ಪರಿವರ್ತಕ ಎಂದು ಹೆಸರು, ಬಳಕೆಯ ಮಾತಿನಲ್ಲಿ ಎಡಿಸಿ. ಆರ್ಡುಯಿನೋ ಉನೋ ಬೋರ್ಡಿನ ಮೂಲಕ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದ ಎಟಿಮೆಗಾ328ಪಿ ಚಿಪ್ ಅನ್ನು ಉದಾಹರಣೆಗೆ ತೆಗೆದುಕೊಂಡರೆ, ಆ ಬೋರ್ಡಿನ ಅಂಚಿನಲ್ಲಿ ಆರು ಅನಲಾಗ್ ಪಿನ್‌ಗಳಿದ್ದರೂ ಒಳಗಿರುವ ಎಡಿಸಿ ಒಂದೇ. ಆರು ದಾರಿಗಳು ಬಂದು ಸೇರುವ ಒಂದೇ ಸುಂಕದ ಕಟ್ಟೆಯ ಹಾಗೆ, ಮಲ್ಟಿಪ್ಲೆಕ್ಸರ್ ಎಂಬ ಸ್ವಿಚ್ಚು ಒಂದು ಸಲಕ್ಕೆ ಒಂದು ಪಿನ್ನನ್ನು ಮಾತ್ರ ಒಳಕ್ಕೆ ಬಿಡುತ್ತದೆ. ಒಳಗಿರುವ 14 ಪಿಕೋಫ್ಯಾರಡ್‌ನಷ್ಟು ಪುಟ್ಟ ಕೆಪಾಸಿಟರ್ ಹೊರಗಿನ ವೋಲ್ಟೇಜಿನ ಮಟ್ಟಕ್ಕೆ ತುಂಬಿಕೊಳ್ಳುತ್ತದೆ, ಪರಿವರ್ತನೆ ಆರಂಭವಾಗಿ ಎಡಿಸಿ ಗಡಿಯಾರದ ಒಂದೂವರೆ ಮಿಡಿತ ಕಳೆದಾಗ ಬಾಗಿಲು ಮುಚ್ಚಿಕೊಳ್ಳುತ್ತದೆ, ಆ ಗಳಿಗೆಯ ವೋಲ್ಟೇಜ್ ಒಳಗೆ ಸೆರೆಯಾಗಿ ಉಳಿಯುತ್ತದೆ. ಸ್ಯಾಂಪಲ್ ಎಂಬುದು ಹೀಗೆ ಸೆರೆಸಿಕ್ಕ ವೋಲ್ಟೇಜ್. ಅದನ್ನು ಹಿಡಿದಿಡುವ ಏರ್ಪಾಡು ಸ್ಯಾಂಪಲ್ ಅಂಡ್ ಹೋಲ್ಡ್. ಆಮೇಲೆ ನಡೆಯುವುದು ತೂಗುವ ಕೆಲಸ. ಸರಕನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಮೊದಲು ದೊಡ್ಡ ತೂಕದ ಕಲ್ಲು, ಬಳಿಕ ಅದರ ಅರ್ಧ, ಅದರ ಅರ್ಧ ಎಂದು ಇಟ್ಟು ತೆಗೆದು ನೋಡುವ ವ್ಯಾಪಾರಿಯಂತೆ ಎಡಿಸಿ ಹತ್ತು ಸಲ ಹೋಲಿಸಿ ಹತ್ತು ಬಿಟ್‌ಗಳ ಅಂಕಿಯನ್ನು ಕೊಡುತ್ತದೆ. ಇಡೀ ಕ್ರಿಯೆಗೆ 13 ಮಿಡಿತಗಳು ಬೇಕು. 16 ಮೆಗಾಹರ್ಟ್ಸ್‌ನ ಬೋರ್ಡಿನಲ್ಲಿ ರೂಢಿಯಂತೆ ಎಡಿಸಿಯ ಗಡಿಯಾರ 125 ಕಿಲೋಹರ್ಟ್ಸ್ ವೇಗದಲ್ಲಿ ಮಿಡಿಯುವುದರಿಂದ ಅದು 104 ಮೈಕ್ರೋಸೆಕೆಂಡ್ ಆಗುತ್ತದೆ. ಆದ್ದರಿಂದ ಎರಡನೆಯ ಪಿನ್ನಿನ ವೋಲ್ಟೇಜ್ ಸೆರೆಯಾಗುವುದು ಮೊದಲನೆಯದಕ್ಕಿಂತ ಕನಿಷ್ಠ 104 ಮೈಕ್ರೋಸೆಕೆಂಡ್ ತಡವಾಗಿ, ಆರನೆಯದು ಸೆರೆಯಾಗುವುದು 520 ಮೈಕ್ರೋಸೆಕೆಂಡ್ ತಡವಾಗಿ.

ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಷ್ಟಿರುವ ಈ ಅಂತರ ಗಣನೆಗೆ ಬರುವಂಥದಲ್ಲ ಎಂದು ಮೇಲುನೋಟಕ್ಕೆ ಅನ್ನಿಸುವುದು ಸಹಜ. ಆದರೆ ಕಾಲದ ಅಂತರ ದೊಡ್ಡದೋ ಚಿಕ್ಕದೋ ಎಂಬುದನ್ನು ಸಂಕೇತ ಬದಲಾಗುವ ವೇಗದೊಡನೆ ಹೋಲಿಸಿಯೇ ತೀರ್ಮಾನಿಸಬೇಕು. ಭಾರತದ ಮನೆಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. ಒಂದು ಆವರ್ತಕ್ಕೆ 20 ಮಿಲಿಸೆಕೆಂಡ್, ಅದನ್ನು 360 ಡಿಗ್ರಿ ಎಂದು ಎಣಿಸಿದರೆ 104 ಮೈಕ್ರೋಸೆಕೆಂಡಿಗೆ ಸುಮಾರು 1.87 ಡಿಗ್ರಿ ಬರುತ್ತದೆ. ಇಂಥ ಅಲೆಯೊಂದು ಸೊನ್ನೆಯನ್ನು ದಾಟುವಲ್ಲಿ ಅತಿ ಕಡಿದಾಗಿ ಏರುತ್ತದೆ, ಅಲ್ಲಿ ಅಷ್ಟು ಹೊತ್ತಿನಲ್ಲಿ ಅದರ ಮೌಲ್ಯ ತನ್ನ ಶಿಖರದ ಎತ್ತರದ ಶೇ. 3.3ರಷ್ಟು ಬದಲಾಗಿರುತ್ತದೆ. ಹತ್ತು ಬಿಟ್‌ಗಳ ಎಡಿಸಿ 1024 ಮೆಟ್ಟಿಲುಗಳನ್ನು ಗುರುತಿಸಬಲ್ಲದು, ಅಲೆ ಆ ಪೂರ್ಣ ವ್ಯಾಪ್ತಿಯನ್ನು ತುಂಬಿದ್ದರೆ ಶಿಖರದ ಎತ್ತರ 512 ಮೆಟ್ಟಿಲು, ಹಾಗಾಗಿ ವಿಳಂಬದಿಂದ ಆಗುವ ವ್ಯತ್ಯಾಸ ಸುಮಾರು 17 ಮೆಟ್ಟಿಲು. ಎರಡು ಸಂಕೇತಗಳನ್ನು ಗಳಿಗೆಗೆ ಗಳಿಗೆ ಹೋಲಿಸುವ ಕೆಲಸದಲ್ಲಿ ಹತ್ತು ಬಿಟ್‌ಗಳ ಪೈಕಿ ಕೊನೆಯ ನಾಲ್ಕು ಹೀಗೆ ಅರ್ಥ ಕಳೆದುಕೊಳ್ಳುತ್ತವೆ. ಅದೇ ವಿಳಂಬವನ್ನು ಉಳಿಸಿಕೊಂಡು 12 ಬಿಟ್‌ಗಳ ಎಡಿಸಿಯನ್ನು ತಂದರೆ ಆರು ಬಿಟ್‌ಗಳು ವ್ಯರ್ಥವಾಗುತ್ತವೆಯೇ ಹೊರತು ಹೋಲಿಕೆ ಒಂದಿಷ್ಟೂ ಸುಧಾರಿಸುವುದಿಲ್ಲ.

ಈ ದೋಷ ಲೆಕ್ಕದ ಹಾಳೆಯಲ್ಲಷ್ಟೇ ಉಳಿಯದೆ ಬಳಕೆಯ ಅಳತೆಗೂ ಇಳಿಯುತ್ತದೆ. ಕರ್ನಾಟಕದ ಬಯಲುಸೀಮೆಯಲ್ಲಿ ಕೊಳವೆಬಾವಿಯಿಂದ ನೀರೆತ್ತುವ ತ್ರೀ ಫೇಸ್ ಪಂಪ್‌ಸೆಟ್ಟಿನ ಮೋಟಾರನ್ನು ಗಮನಿಸಬಹುದು. ಇಂಥ ಇಂಡಕ್ಷನ್ ಮೋಟಾರಿನಲ್ಲಿ ಪ್ರವಾಹದ ಅಲೆ ವೋಲ್ಟೇಜಿನ ಅಲೆಗಿಂತ ಹಿಂದೆ ಬೀಳುತ್ತದೆ, ಆ ಹಿನ್ನಡೆಯನ್ನು ಸೂಚಿಸುವ ಅಂಕಿಯೇ ಪವರ್ ಫ್ಯಾಕ್ಟರ್. ಅದು 0.8 ಇದ್ದರೆ ಹಿನ್ನಡೆ ಸುಮಾರು 36.9 ಡಿಗ್ರಿ, 0.5 ಇದ್ದರೆ 60 ಡಿಗ್ರಿ. ಮೈಕ್ರೋಕಂಟ್ರೋಲರ್ ವೋಲ್ಟೇಜನ್ನು ಮೊದಲು ಹಿಡಿದು ಪ್ರವಾಹವನ್ನು 104 ಮೈಕ್ರೋಸೆಕೆಂಡ್ ತಡವಾಗಿ ಹಿಡಿದರೆ, ತಡವಾಗಿ ನೋಡಿದ ಕಾರಣಕ್ಕೆ ಪ್ರವಾಹವು ಅಷ್ಟರ ಮಟ್ಟಿಗೆ ಮುಂದೆ ಬಂದಂತೆ ತೋರಿ, 36.9 ಡಿಗ್ರಿಯ ಹಿನ್ನಡೆ 35 ಡಿಗ್ರಿಯಾಗಿ ಕಾಣುತ್ತದೆ. ಲೆಕ್ಕಕ್ಕೆ ಬಂದ ಶಕ್ತಿ ನಿಜಕ್ಕಿಂತ ಶೇ. 2.4ರಷ್ಟು ಹೆಚ್ಚಾಗುತ್ತದೆ. ಹೊರೆ ಕಡಿಮೆಯಾಗಿ ಪವರ್ ಫ್ಯಾಕ್ಟರ್ 0.5ಕ್ಕೆ ಇಳಿದಾಗ ದೋಷ ಶೇ. 5.6ಕ್ಕೆ ಏರುತ್ತದೆ. ಇದೇ ಸಾಧನವನ್ನು ಹಳೆಯ ಕಾಲದ ತಂತಿಯ ಬಲ್ಬಿನಂಥ, ಹಿನ್ನಡೆಯೇ ಇಲ್ಲದ ಹೊರೆಯ ಮೇಲೆ ಪರೀಕ್ಷಿಸಿದರೆ ದೋಷ ಶೇ. 0.05ರಷ್ಟು ಮಾತ್ರ. ಅಪಾಯ ಇರುವುದು ಇಲ್ಲಿಯೇ: ಬಲ್ಬು ಉರಿಸಿ ಒಪ್ಪಿದ ಮಾಪಕ ಮೋಟಾರಿನ ಮುಂದೆ ತಪ್ಪು ಹೇಳುತ್ತದೆ, ಬಲ್ಬಿನ ಪರೀಕ್ಷೆಯಲ್ಲಿ ಅದರ ಸುಳಿವೂ ಸಿಗುವುದಿಲ್ಲ.

ಮೂರು ಫೇಸುಗಳಿಗೆ ಆರು ಸಂಕೇತಗಳಾಗುವಾಗ ಅವುಗಳನ್ನು ಯಾವ ಸರದಿಯಲ್ಲಿ ಓದಬೇಕೆಂಬುದು ಮುಖ್ಯ ಪ್ರಶ್ನೆಯಾಗುತ್ತದೆ. ಮೊದಲು ಮೂರು ವೋಲ್ಟೇಜ್, ಆಮೇಲೆ ಮೂರು ಪ್ರವಾಹ ಎಂಬ ಸರದಿ ಬರೆಯುವ ಕಣ್ಣಿಗೆ ಅಚ್ಚುಕಟ್ಟಾಗಿ ಕಂಡರೂ, ಒಂದೇ ಫೇಸಿನ ವೋಲ್ಟೇಜಿಗೂ ಪ್ರವಾಹಕ್ಕೂ ನಡುವೆ ಅದು ಮೂರು ಹೆಜ್ಜೆಗಳ, ಅಂದರೆ 312 ಮೈಕ್ರೋಸೆಕೆಂಡುಗಳ ಅಂತರವನ್ನು ತರುತ್ತದೆ, 0.8 ಪವರ್ ಫ್ಯಾಕ್ಟರಿನಲ್ಲಿ ದೋಷ ಶೇ. 6.9ಕ್ಕೆ ಮುಟ್ಟುತ್ತದೆ. ಪ್ರತಿ ಫೇಸಿನ ವೋಲ್ಟೇಜನ್ನೂ ಪ್ರವಾಹವನ್ನೂ ಒತ್ತೊತ್ತಿಗೆ ಓದುವ ಸರದಿಯಲ್ಲಿ ಅಂತರ ಒಂದೇ ಹೆಜ್ಜೆಗೆ ಇಳಿಯುತ್ತದೆ. ಒಂದು ಬಿಡಿಕಾಸಿನ ಖರ್ಚೂ ಇಲ್ಲದೆ, ಪ್ರೋಗ್ರಾಮಿನ ಕೆಲವು ಸಾಲುಗಳನ್ನು ಅದಲುಬದಲು ಮಾಡಿದ ಮಾತ್ರಕ್ಕೆ ದೋಷ ಮೂರನೇ ಒಂದು ಪಾಲಿಗೆ ತಗ್ಗುತ್ತದೆಂದರೆ, ಅಲ್ಲಿ ಕೊರತೆಯಿದ್ದದ್ದು ಹಣದ್ದಾಗಲಿ ಚಿಪ್‌ನದ್ದಾಗಲಿ ಆಗಿರಲಿಲ್ಲ, ಗಳಿಗೆಯ ಬಗೆಗಿನ ಎಚ್ಚರದ್ದಾಗಿತ್ತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವುದು ಸಾಧ್ಯ. ವೋಲ್ಟೇಜ್, ಪ್ರವಾಹ, ಮತ್ತೆ ವೋಲ್ಟೇಜ್ ಎಂದು ಸಮಾನ ಅಂತರದಲ್ಲಿ ಮೂರು ಸಲ ಓದಿ, ಎರಡು ವೋಲ್ಟೇಜುಗಳ ಸರಾಸರಿಯನ್ನು ನಡುವಿನ ಪ್ರವಾಹದೊಡನೆ ಹೊಂದಿಸಿದರೆ, ಮುಂದಿನ ವಿಳಂಬ ಹಿಂದಿನ ವಿಳಂಬವನ್ನು ಹೊಡೆದುಹಾಕಿ, 50 ಹರ್ಟ್ಸ್‌ನ ಮೂಲ ಅಲೆಯ ಮಟ್ಟಿಗೆ ಕೋನದ ದೋಷ ಇಲ್ಲವಾಗುತ್ತದೆ. ಉಳಿಯುವುದು ಎತ್ತರದಲ್ಲಿ ಶೇ. 0.05ರಷ್ಟು ಇಳಿಕೆ ಮಾತ್ರ, ಅದನ್ನು ಒಂದು ಗುಣಾಂಕದಿಂದ ಸರಿಪಡಿಸಬಹುದು. ಆದರೂ ಈ ಉಪಾಯಕ್ಕೆ ಮಿತಿಯಿದೆ. ಎಲ್‌ಇಡಿ ದೀಪ, ಇನ್ವರ್ಟರ್ ಮೊದಲಾದವು ಎಳೆದುಕೊಳ್ಳುವ ಪ್ರವಾಹ ನುಣುಪಾದ ಅಲೆಯಾಗಿರದೆ, 50ರ ಗುಣಕಗಳಾದ ಹಾರ್ಮೋನಿಕ್ ಎಂಬ ವೇಗದ ಅಲೆಗಳನ್ನೂ ಒಳಗೊಂಡಿರುತ್ತದೆ, ವೋಲ್ಟೇಜಿನಲ್ಲಿಯೂ ಅವುಗಳ ಛಾಯೆ ಬೀಳುತ್ತದೆ. 250 ಹರ್ಟ್ಸ್‌ನ ಐದನೆಯ ಹಾರ್ಮೋನಿಕ್ಕಿನಲ್ಲಿ ಸರಾಸರಿ ತೆಗೆದ ಫಲವಾಗಿ ಶೇ. 1.3ರಷ್ಟು ಎತ್ತರ ನಷ್ಟವಾದರೆ, 1250 ಹರ್ಟ್ಸ್‌ನ ಇಪ್ಪತ್ತೈದನೆಯದರಲ್ಲಿ ಮೂರನೇ ಒಂದು ಭಾಗದಷ್ಟು ನಷ್ಟವಾಗುತ್ತದೆ. ಎರಡಂಶದ ಸರಾಸರಿ ಒರಟು ಸಲಕರಣೆ ಎಂಬುದನ್ನು ಇದು ತೋರಿಸುತ್ತದೆಯೇ ವಿನಾ, ವಿಳಂಬವನ್ನು ಲೆಕ್ಕದಿಂದ ತೊಡೆಯಲಾಗದು ಎಂದು ತೋರಿಸುವುದಿಲ್ಲ. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಬುನಾದಿ ಹಾಕಿಕೊಟ್ಟ, ಸೋವಿಯತ್ ಒಕ್ಕೂಟದಲ್ಲಿ ವ್ಲಾದಿಮಿರ್ ಕೊತೆಲ್ನಿಕೋವ್ 1933ರಲ್ಲಿ ಮಂಡಿಸಿದ, ಕ್ಲಾಡ್ ಶಾನನ್ 1949ರ ತಮ್ಮ ಪ್ರಬಂಧದಲ್ಲಿ ಪ್ರಸಿದ್ಧಗೊಳಿಸಿದ ಸ್ಯಾಂಪಲಿಂಗ್ ಪ್ರಮೇಯದ ಪ್ರಕಾರ, ಸಂಕೇತದಲ್ಲಿರುವ ಅತಿ ವೇಗದ ಅಲೆಗಿಂತ ಇಮ್ಮಡಿಗೂ ಹೆಚ್ಚು ಸಲ ಸ್ಯಾಂಪಲ್ ತೆಗೆದಿದ್ದರೆ, ಎರಡು ಸ್ಯಾಂಪಲ್‌ಗಳ ನಡುವೆ ಸಂಕೇತ ಹೇಗಿತ್ತೆಂಬುದನ್ನು ಸಂಪೂರ್ಣವಾಗಿ ಕಟ್ಟಿಕೊಳ್ಳಬಹುದು. ನಡುವಿನ ಯಾವ ಗಳಿಗೆಯನ್ನಾದರೂ ಕಟ್ಟಿಕೊಳ್ಳಬಹುದಾದರೆ, ಪ್ರವಾಹವನ್ನು ಹಿಡಿದ ಗಳಿಗೆಯಲ್ಲಿ ವೋಲ್ಟೇಜ್ ಎಷ್ಟಿತ್ತೆಂಬುದನ್ನೂ ಕಟ್ಟಿಕೊಳ್ಳಬಹುದೆಂದೇ ಅರ್ಥ. ಆದರೆ ಆ ಪ್ರಮೇಯದ ಫಲ ಪಡೆಯಲು ಒಂದು ಷರತ್ತು ಉಂಟು: ಪ್ರತಿಯೊಂದು ಸ್ಯಾಂಪಲ್ ಯಾವ ಗಳಿಗೆಗೆ ಸೇರಿದ್ದೆಂಬುದು ತಿಳಿದಿರಬೇಕು.

ಆ ಷರತ್ತನ್ನು ಮುರಿಯುವುದು ಬಹುಮಟ್ಟಿಗೆ ಪ್ರೋಗ್ರಾಮ್ ಬರೆಯುವ ರೂಢಿ. ಮಾಡಿದ್ದನ್ನೇ ಮರಳಿ ಮರಳಿ ಮಾಡುವ ಲೂಪ್ ಒಂದರೊಳಗೆ ಪಿನ್‌ಗಳನ್ನು ಓದಿ, ಲೆಕ್ಕ ಹಾಕಿ, ಫಲಿತಾಂಶವನ್ನು ಕಂಪ್ಯೂಟರಿಗೆ ಕಳಿಸಿ, ಮತ್ತೆ ಓದುವುದು ಕಲಿಕೆಯ ಮೊದಲ ದಿನದಿಂದ ಅಭ್ಯಾಸವಾದ ಕ್ರಮ. ಈ ನಡುವೆ ಇಂಟರಪ್ಟ್, ಅಂದರೆ ನಡೆಯುತ್ತಿರುವ ಕೆಲಸವನ್ನು ತಡೆದು ತುರ್ತು ಕೆಲಸಕ್ಕೆ ಕರೆಯುವ ಏರ್ಪಾಡು, ಉನೋ ಬೋರ್ಡಿನಲ್ಲಿ ಕಾಲಗಣನೆಗಾಗಿಯೇ 1.024 ಮಿಲಿಸೆಕೆಂಡಿಗೊಮ್ಮೆ ಬಂದು ಕೆಲವು ಮೈಕ್ರೋಸೆಕೆಂಡುಗಳನ್ನು ಕಸಿದುಕೊಳ್ಳುತ್ತದೆ. ಅಂಕಿಗಳನ್ನು ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಕಳಿಸುವಾಗ ಒಂದೊಂದು ಅಕ್ಷರಕ್ಕೂ 1 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಬೇಕು, ಕಳಿಸಲು ಕಾದಿರುವ ಅಕ್ಷರಗಳ ಜಾಗ ಭರ್ತಿಯಾದರೆ ಪ್ರೋಗ್ರಾಮ್ ನಿಂತು ಕಾಯುತ್ತದೆ. ಒಂದು ಅಕ್ಷರಕ್ಕಾಗಿ ಕಾದರೆ 18 ಡಿಗ್ರಿಗೂ ಮೀರಿದ ಅಲೆ ಕೈತಪ್ಪಿ ಹೋಗಿರುತ್ತದೆ. ಈ ವಿಳಂಬಗಳು ಪ್ರತಿ ಸಲವೂ ಬೇರೆ ಬೇರೆಯಾಗಿರುವುದರಿಂದ ಯಾವ ಗುಣಾಂಕವೂ ಅವುಗಳನ್ನು ಸರಿದೂಗಿಸದು. ಪರಿಹಾರವಾದರೋ ಅದೇ ಚಿಪ್‌ನ ಒಳಗಿದೆ. ಟೈಮರ್ ಎಂಬ ಸ್ವತಂತ್ರ ಎಣಿಕೆಯ ಘಟಕ ನಿಗದಿಯಾದ ಗಳಿಗೆಯಲ್ಲಿ ಎಡಿಸಿಗೆ ತಾನೇ ಚಾಲನೆ ಕೊಡುವಂತೆ ಮಾಡುವ ಅವಕಾಶ ಎಟಿಮೆಗಾ328ಪಿಯಲ್ಲಿಯೂ ಇದೆ. ಪ್ರೊಸೆಸರ್ ಯಾವ ಕೆಲಸದಲ್ಲಿ ಮುಳುಗಿದ್ದರೂ ಸ್ಯಾಂಪಲ್ ತನ್ನ ಗಳಿಗೆಗೆ ಸರಿಯಾಗಿ ಸೆರೆಯಾಗುತ್ತದೆ. ದೊಡ್ಡ ಚಿಪ್‌ಗಳಲ್ಲಿ, ಹಾಗೆ ಸಿಕ್ಕ ಅಂಕಿಯನ್ನು ಪ್ರೊಸೆಸರಿನ ನೆರವಿಲ್ಲದೆ ಮೆಮೊರಿಗೆ ಸಾಗಿಸುವ ಡಿಎಂಎ ಎಂಬ ಏರ್ಪಾಡೂ ಇರುತ್ತದೆ.

ಹಾಗಾದರೆ ಹಲವು ಸಂಕೇತಗಳನ್ನು ನಿಜವಾಗಿಯೂ ಒಂದೇ ಗಳಿಗೆಯಲ್ಲಿ ಹಿಡಿಯುವ ಚಿಪ್‌ಗಳು ಯಾರಿಗೆ ಬೇಕು ಎಂಬ ಪ್ರಶ್ನೆ ಏಳುತ್ತದೆ. ಅಂಥವು ಹಲವು ಬಗೆಯಾಗಿ ದೊರೆಯುತ್ತವೆ: ಎಸ್‌ಟಿಎಂ32ಎಫ್‌103ರಲ್ಲಿ ಎರಡು ಎಡಿಸಿಗಳು, ಎಸ್‌ಟಿಎಂ32ಎಫ್‌407ರಲ್ಲಿ ಮೂರು ಎಡಿಸಿಗಳು ಒಂದೇ ಚಾಲನೆಗೆ ಒಟ್ಟಿಗೆ ಕೆಲಸ ಮಾಡಬಲ್ಲವು, ಮೋಟಾರು ನಿಯಂತ್ರಣಕ್ಕೆಂದು ರೂಪಿಸಿದ ಡಿಎಸ್‌ಪಿಕ್ ಕುಟುಂಬದ ಚಿಪ್‌ಗಳಲ್ಲಿ ನಾಲ್ಕು ಸಂಕೇತಗಳನ್ನು ಒಟ್ಟಿಗೆ ಸೆರೆಹಿಡಿದು, ತೂಗುವ ಕೆಲಸವನ್ನು ಮಾತ್ರ ಒಂದಾದ ಮೇಲೊಂದರಂತೆ ಮಾಡುವ ವ್ಯವಸ್ಥೆಯಿದೆ, ಮೈಕ್ರೋಕಂಟ್ರೋಲರಿಗೆ ಹೊರಗಿನಿಂದ ಜೋಡಿಸಬಹುದಾದ ಎಡಿ7606 ಚಿಪ್ ಎಂಟು ಸಂಕೇತಗಳನ್ನು 16 ಬಿಟ್‌ಗಳಲ್ಲಿ ಏಕಕಾಲಕ್ಕೆ ಹಿಡಿಯುತ್ತದೆ. ಡಿಎಸ್‌ಪಿಕ್‌ನ ವ್ಯವಸ್ಥೆ ಇಲ್ಲಿ ವಿಶೇಷವಾಗಿ ಗಮನಾರ್ಹ, ಏಕೆಂದರೆ ಏಕಕಾಲದಲ್ಲಿ ಆಗಬೇಕಾದದ್ದು ಹಿಡಿಯುವ ಕೆಲಸವೇ ಹೊರತು ತೂಗುವ ಕೆಲಸವಲ್ಲ ಎಂಬ ವಿವೇಕವನ್ನು ಅದು ಸಿಲಿಕಾನಿನಲ್ಲಿಯೇ ಬರೆದಿಟ್ಟಿದೆ.

ಇವುಗಳ ಅಗತ್ಯ ಎದ್ದು ಕಾಣುವುದು, ಎರಡು ಅಳತೆಗಳಿಂದ ಮೂರನೆಯದನ್ನು ಲೆಕ್ಕ ಹಾಕಿ ಪಡೆಯುವ ಕಡೆ. ತ್ರೀ ಫೇಸ್ ಮೋಟಾರಿನ ಮೂರು ತಂತಿಗಳ ಪ್ರವಾಹಗಳ ಮೊತ್ತ ಯಾವ ಗಳಿಗೆಯಲ್ಲಿಯೂ ಸೊನ್ನೆಯಾದ್ದರಿಂದ ನಿಯಂತ್ರಕ ಎರಡನ್ನು ಅಳೆದು ಮೂರನೆಯದನ್ನು ಊಹೆಯಿಲ್ಲದೆ ಪಡೆಯಬಹುದು. ಇಸಿಜಿಯಲ್ಲಿಯೂ ಇಂಥದೇ ಸಂಬಂಧವಿದೆ. ಇಸಿಜಿಯ ಶೋಧಕ್ಕಾಗಿ 1924ರ ನೊಬೆಲ್ ಪ್ರಶಸ್ತಿ ಪಡೆದ ನೆದರ್ಲೆಂಡ್ಸ್‌ನ ವಿಲ್ಲೆಮ್ ಐಂಥೋವನ್ ತೋರಿಸಿಕೊಟ್ಟಂತೆ, ಎರಡು ಕೈ ಮತ್ತು ಎಡಗಾಲಿನ ನಡುವೆ ಅಳೆಯುವ ಮೂರು ಲೀಡ್‌ಗಳಲ್ಲಿ ಒಂದನೆಯದೂ ಮೂರನೆಯದೂ ಸೇರಿದರೆ ಎರಡನೆಯದಾಗುತ್ತದೆ. ಎರಡು ಸಂಕೇತಗಳು ಬೇರೆ ಬೇರೆ ಗಳಿಗೆಗೆ ಸೇರಿದ್ದರೆ, ಅವುಗಳಿಂದ ಲೆಕ್ಕ ಹಾಕಿದ ಮೂರನೆಯದರಲ್ಲಿ ಮೈಯಲ್ಲಿಯೂ ಇಲ್ಲದ, ಮೋಟಾರಿನಲ್ಲಿಯೂ ಇಲ್ಲದ ಒಂದು ಕೃತಕ ಸಂಕೇತ ಸೇರಿಕೊಳ್ಳುತ್ತದೆ. ಸಂಕೇತ ಎಲ್ಲಿ ಕಡಿದಾಗಿ ಏರುತ್ತದೆಯೋ ಅಲ್ಲಿಯೇ, ಅಂದರೆ ವೈದ್ಯರ ಕಣ್ಣು ಹೆಚ್ಚಾಗಿ ನೆಡುವಲ್ಲಿಯೇ, ಆ ಕೃತಕತೆ ದೊಡ್ಡದಾಗಿ ಕಾಣುತ್ತದೆ.

ಇದಕ್ಕೆ ಎದುರಾಗಿ, ಇಂದಿನ ಎಡಿಸಿಗಳು ಎಷ್ಟು ವೇಗವಾಗಿವೆಯೆಂದರೆ ಸರದಿಯ ವಿಳಂಬವನ್ನು ಮರೆತೇಬಿಡಬಹುದು ಎಂಬ ವಾದವಿದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ರಾಸ್ಪ್‌ಬೆರಿ ಪೈ ಪಿಕೋ ಬೋರ್ಡಿನ ಆರ್‌ಪಿ2040 ಚಿಪ್‌ಗೆ ಒಂದು ಪರಿವರ್ತನೆಗೆ 2 ಮೈಕ್ರೋಸೆಕೆಂಡ್ ಸಾಕು. 50 ಹರ್ಟ್ಸ್‌ನ ವಿದ್ಯುತ್ತಿಗೆ ಅದು 0.036 ಡಿಗ್ರಿ, 0.5 ಪವರ್ ಫ್ಯಾಕ್ಟರಿನಲ್ಲಿಯೂ ದೋಷ ಶೇ. 0.1ರ ಆಸುಪಾಸು. ಆದರೆ ಸೆಕೆಂಡಿಗೆ 20,000 ಸಲ ಸ್ವಿಚ್ ಆಗುವ ಮೋಟಾರು ನಿಯಂತ್ರಕದಲ್ಲಿ ಒಂದು ಆವರ್ತ 50 ಮೈಕ್ರೋಸೆಕೆಂಡ್ ಮಾತ್ರವಾದ್ದರಿಂದ ಅದೇ 2 ಮೈಕ್ರೋಸೆಕೆಂಡ್ 14.4 ಡಿಗ್ರಿಗೆ ಸಮನಾಗುತ್ತದೆ. ವೇಗ ಎಂಬುದು ಎಲ್ಲ ಕೆಲಸಕ್ಕೂ ಒಂದೇ ಬೆಲೆಯ ನಾಣ್ಯವಲ್ಲ. ಸಂಕೇತದ ಮುಂದಿಟ್ಟು ನೋಡಿದಾಗಲೇ ಅದರ ಬೆಲೆ ತಿಳಿಯುವುದು.

ಏಕಕಾಲಿಕ ಚಿಪ್ ಕೊಂಡರೆ ಚಿಂತೆ ತೀರಿತು ಎಂಬುದು ಇನ್ನೊಂದು ತುದಿಯ ನಂಬಿಕೆ, ಅದೂ ನಿಲ್ಲುವುದಿಲ್ಲ. ಪಿನ್ನಿಗೆ ಮುಟ್ಟುವ ಮೊದಲೇ ಸಂಕೇತ ಹಲವು ಬಾಗಿಲುಗಳನ್ನು ದಾಟಿ ಬಂದಿರುತ್ತದೆ. ಬೇಡದ ವೇಗದ ಅಲೆಗಳನ್ನು ತಡೆಯಲು ಪ್ರತಿ ಪಿನ್ನಿನ ಮುಂದೆ 1 ಕಿಲೋಓಮ್‌ನ ರೆಸಿಸ್ಟರ್ ಮತ್ತು 100 ನ್ಯಾನೋಫ್ಯಾರಡ್‌ನ ಕೆಪಾಸಿಟರ್ ಇಡುವುದು ವಾಡಿಕೆಯೆನ್ನೋಣ; ಆ ಜೋಡಿ 50 ಹರ್ಟ್ಸ್‌ನ ಅಲೆಯನ್ನು ಸುಮಾರು 100 ಮೈಕ್ರೋಸೆಕೆಂಡ್ ತಡಮಾಡುತ್ತದೆ. ಎಲ್ಲ ಪಿನ್‌ಗಳಲ್ಲಿಯೂ ತಡ ಒಂದೇ ಆಗಿದ್ದರೆ ಬಾಧಕವಿಲ್ಲ, ಆದರೆ ಅಗ್ಗದ ಕೆಪಾಸಿಟರುಗಳ ಮೌಲ್ಯದಲ್ಲಿ ಶೇ. 10ರಷ್ಟು ಹೆಚ್ಚುಕಡಿಮೆ ಇರುವುದು ಸಾಮಾನ್ಯ, ಆದ್ದರಿಂದ ಎರಡು ಪಿನ್‌ಗಳ ನಡುವೆ 10 ಮೈಕ್ರೋಸೆಕೆಂಡ್ ಅಂತರ ಅಲ್ಲಿಯೇ ಹುಟ್ಟುತ್ತದೆ. ಅದು ಆರ್‌ಪಿ2040ರ ಸರದಿಯ ವಿಳಂಬದ ಐದರಷ್ಟು. ಪ್ರವಾಹವನ್ನು ಅಳೆಯಲು ತಂತಿಯ ಸುತ್ತ ಹಾಕುವ ಕರೆಂಟ್ ಟ್ರಾನ್ಸ್‌ಫಾರ್ಮರ್ ಕೂಡ ತನ್ನದೇ ಆದ ಕೋನದೋಷವನ್ನು ಸೇರಿಸುತ್ತದೆ. ಏಕಕಾಲಿಕತೆ ಚಿಪ್‌ನ ಗುಣವೆಂದು ಬಗೆಯದೆ ಸಂವೇದಕದಿಂದ ಅಂಕಿಯವರೆಗಿನ ಇಡೀ ದಾರಿಯ ಗುಣವೆಂದು ಬಗೆಯಬೇಕಾದ ಕಾರಣ ಇದು.

ಎಲ್ಲ ಅಳತೆಗೂ ಈ ಕಟ್ಟುನಿಟ್ಟು ಬೇಕೆಂದು ಹೇಳಿದರೆ ಅದೂ ಅವಿವೇಕವಾದೀತು. ಹೊಲದ ಮಣ್ಣಿನ ತೇವ, ಟ್ಯಾಂಕಿನ ನೀರಿನ ಮಟ್ಟ, ಕೋಣೆಯ ಉಷ್ಣತೆ ಇವು ನಿಮಿಷಗಳಲ್ಲಿ ಬದಲಾಗುವ ರಾಶಿಗಳು. ಅವುಗಳಿಗೆ ಒಂದೇ ಎಡಿಸಿಯ ಸರದಿಯ ಓದು ಸಾಕಷ್ಟೇ ಅಲ್ಲ, ಅದೇ ಸರಿಯಾದ ಆಯ್ಕೆ. ಅದೇ 104 ಮೈಕ್ರೋಸೆಕೆಂಡನ್ನು ಒಂದು ಗೇಣಿನಷ್ಟು, ಅಂದರೆ ಸುಮಾರು 20 ಸೆಂಟಿಮೀಟರ್ ದೂರದಲ್ಲಿಟ್ಟ ಎರಡು ಮೈಕ್ರೋಫೋನುಗಳ ನಡುವೆ ತಂದರೆ, ಶಬ್ದ ಅಷ್ಟರಲ್ಲಿ 3.6 ಸೆಂಟಿಮೀಟರ್ ಸಾಗಿರುತ್ತದೆ, ನೇರ ಎದುರಿನಿಂದ ಬಂದ ಕೂಗು ಹತ್ತು ಡಿಗ್ರಿ ಪಕ್ಕದಿಂದ ಬಂದಂತೆ ತೋರುತ್ತದೆ. ಚಿಪ್ ಆರಿಸುವ ಮೊದಲು ಅಳೆಯಬೇಕಾದದ್ದು ರಾಶಿಯೋ ರಾಶಿಗಳ ನಡುವಣ ಸಂಬಂಧವೋ, ಆ ಸಂಬಂಧ ಎಷ್ಟು ವೇಗವಾಗಿ ಬದಲಾಗುತ್ತದೆ ಎಂದು ಕೇಳಿಕೊಳ್ಳಬೇಕು.

ತಿಳಿದ ಗಳಿಗೆ ಎಂಬುದು ಒಂದೇ ಗಳಿಗೆಯಷ್ಟೇ ಬೆಲೆಬಾಳುತ್ತದೆ ಎಂಬ ಮಾತಿಗೆ ಅತ್ಯಂತ ದೊಡ್ಡ ಸಾಕ್ಷಿ ವಿದ್ಯುತ್ ಜಾಲದ್ದೇ. ನೂರಾರು ಕಿಲೋಮೀಟರ್ ದೂರದ ಎರಡು ಸಬ್‌ಸ್ಟೇಷನ್‌ಗಳ ವೋಲ್ಟೇಜ್ ಕೋನಗಳನ್ನು ಹೋಲಿಸಿದರೆ ಜಾಲದ ಸ್ವಾಸ್ಥ್ಯ ತಿಳಿಯುತ್ತದೆ, ಆದರೆ ಅಷ್ಟು ದೂರದ ಎರಡು ತಂತಿಗಳಿಗೆ ಒಂದೇ ಚಿಪ್ ಜೋಡಿಸುವಂತಿಲ್ಲ. ಭಾರತದಲ್ಲಿ ಹುಟ್ಟಿದ ಅರುಣ್ ಫಡ್ಕೆ ಮತ್ತು ಅವರ ಸಹಸಂಶೋಧಕ ಜೇಮ್ಸ್ ಥಾರ್ಪ್ ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 1988ರ ಸುಮಾರಿಗೆ ರೂಪಿಸಿದ ಫೇಸರ್ ಮಾಪಕ ಈ ತೊಡಕನ್ನು ಬಿಡಿಸಿದ ರೀತಿ ಸರಳವೂ ಆಳವೂ ಆದದ್ದು: ಪ್ರತಿ ಅಳತೆಗೂ ಜಿಪಿಎಸ್ ಉಪಗ್ರಹದ ಗಡಿಯಾರದಿಂದ ಪಡೆದ ಕಾಲಮುದ್ರೆಯನ್ನು ಒತ್ತುವುದು. 50 ಹರ್ಟ್ಸ್‌ನಲ್ಲಿ ಒಂದು ಡಿಗ್ರಿ ಎಂದರೆ 55.6 ಮೈಕ್ರೋಸೆಕೆಂಡ್, ಉಪಗ್ರಹದ ಗಡಿಯಾರ ಒಂದು ಮೈಕ್ರೋಸೆಕೆಂಡಿಗಿಂತ ಉತ್ತಮವಾದ ನಿಖರತೆಯನ್ನು ಕೊಡಬಲ್ಲದು. ಚಿಪ್ ಹಂಚಿಕೊಳ್ಳಲಾಗದ ಕಡೆ ಗಡಿಯಾರವನ್ನು ಹಂಚಿಕೊಂಡರೆ ಸಾಕೆಂಬುದನ್ನು ಆ ಮಾಪಕ ಸಾಧಿಸಿ ತೋರಿಸಿತು.

ಈ ಶಿಸ್ತು ದೊಡ್ಡ ಸಂಸ್ಥೆಗಳ ಸೊತ್ತಾಗಿ ಉಳಿಯಬೇಕಾಗಿಲ್ಲ. ಹಲವು ಸಂಕೇತಗಳನ್ನು ಅಳೆಯುವ ಯಾವುದೇ ವಿದ್ಯಾರ್ಥಿ ಯೋಜನೆಯ ವರದಿಯಲ್ಲಿ, ಎಷ್ಟು ಬಿಟ್ ಎಂಬುದರ ಪಕ್ಕದಲ್ಲಿಯೇ ಓದಿದ ಸರದಿ ಯಾವುದು, ಎರಡು ಓದುಗಳ ನಡುವಣ ಅಂತರವೆಷ್ಟು, ಓದಿಗೆ ಚಾಲನೆ ಕೊಟ್ಟದ್ದು ಟೈಮರೋ ಪ್ರೋಗ್ರಾಮಿನ ಸಾಲೋ ಎಂಬ ಮೂರು ವಿವರಗಳನ್ನು ಕಡ್ಡಾಯವಾಗಿ ಬರೆಯುವ ಪದ್ಧತಿ ಬರಬೇಕು. ಅದನ್ನು ಪರೀಕ್ಷಿಸುವ ವಿಧಾನವೂ ಎಲ್ಲರ ಕೈಗೆಟುಕುವಂಥದ್ದು. ಒಂದೇ ಅಲೆಯನ್ನು ಒಂದು ತುಂಡು ತಂತಿಯಿಂದ ಎರಡು ಪಿನ್‌ಗಳಿಗೂ ಕೊಟ್ಟು, ಎರಡೂ ಓದುಗಳನ್ನು ಒಂದರಿಂದೊಂದು ಕಳೆದು ನೋಡಬೇಕು. ಸಂಕೇತ ಒಂದೇ ಆದ್ದರಿಂದ ಉಳಿಕೆ ಸೊನ್ನೆಯಾಗಬೇಕು. ಅಲೆಯ ಶಿಖರದಲ್ಲಿ ಹೆಚ್ಚುಕಡಿಮೆ ಸೊನ್ನೆಯಾಗಿದ್ದು, ಅಲೆ ಸೊನ್ನೆಯನ್ನು ದಾಟುವಲ್ಲಿ ಹದಿನೇಳು ಮೆಟ್ಟಿಲುಗಳಷ್ಟು ಏಳುವ ಉಳಿಕೆಯೊಂದು ಪರದೆಯ ಮೇಲೆ ಮೂಡಿದರೆ, ಅದು ವೋಲ್ಟೇಜಿನ ವ್ಯತ್ಯಾಸವಲ್ಲ, 104 ಮೈಕ್ರೋಸೆಕೆಂಡುಗಳ ಕಾಲವೇ ಅಂಕಿಯ ರೂಪ ತಾಳಿ ನಿಂತದ್ದು. ಪ್ರತಿ ಆವರ್ತದಲ್ಲಿಯೂ ಆ ಉಳಿಕೆ ಅದೇ ಎತ್ತರಕ್ಕೆ ಏಳುತ್ತಿದ್ದರೆ ವಿಳಂಬ ಸ್ಥಿರವಾಗಿದೆ, ಅದನ್ನು ಲೆಕ್ಕದಿಂದ ಕಳೆಯಬಹುದು. ಎತ್ತರ ಸಲಸಲಕ್ಕೂ ಬದಲಾಗುತ್ತಿದ್ದರೆ, ಬೇರೆಲ್ಲ ಕೆಲಸವನ್ನು ಬದಿಗಿಟ್ಟು ಮೊದಲು ಗಡಿಯಾರವನ್ನು ಸರಿಪಡಿಸಬೇಕು.